ವಿಳಾಸದಾರರು ಇಲ್ಲಿ ಇರುವುದಿಲ್ಲ

ದಿಗಂಬರ ಪದಕಿಯವರು ಬೈಲಹೊಂಗಲದ ಒಂದು ಹೈಸ್ಕೂಲಿನಲ್ಲಿ ಆವಕ-ಜಾವಕ ಕ್ಲಾರ್ಕ್. ಬಂದ ಕಾಗದಕ್ಕೆ ಒಂದು ನಂಬರು, ಹೋದ ಕಾಗದಕ್ಕೆ ಒಂದು ನಂಬರು, ಎರಡಕ್ಕೂ ಧಡಕ್ಕನೆ ಒಂದು ರಬ್ಬರ್ ಶಿಕ್ಕಾ. ಇಪ್ಪತ್ತೆಂಟು ವರ್ಷದಿಂದ ಇದೇ ಅವರ ಕೆಲಸ. ಮಕ್ಕಳು ಹಿಂದಿನಿಂದ ‘ಶಿಕ್ಕಾ ಸರ್’ ಎಂದು ಕೂಗುತ್ತಿದ್ದರು. ಪದಕಿಯವರು ಅದನ್ನು ಬಿರುದೆಂದೇ ತಿಳಿದಿದ್ದರು. ಹೆಡ್ ಮಾಸ್ತರರ ಊಟದ ಡಬ್ಬಿಯೊಂದನ್ನು ಬಿಟ್ಟರೆ ಆ ಕಟ್ಟಡದ ಒಳಗೆ ಬಂದ ಯಾವ ವಸ್ತುವೂ ಅವರ ಶಿಕ್ಕಾದಿಂದ ತಪ್ಪಿಸಿಕೊಂಡದ್ದಿಲ್ಲ.

ಇಂಥವರ ಸ್ವಂತ ಮನೆಯಲ್ಲಿ ಟಪಾಲು ಎಲ್ಲಿರುತ್ತಿತ್ತು ಎಂದರೆ, ಮೆಣಸಿನಕಾಯಿ ಹಿಂಡಿಯ ಭರಣಿಯ ಕೆಳಗೆ.

ಅದಕ್ಕೂ ಕಾರಣವಿತ್ತು. ಎರಡು ವರ್ಷದ ಹಿಂದೆ ಓಣಿಯ ಮನೆಗಳಿಗೆಲ್ಲ ಹೊಸ ನಂಬರು ಬಂದವು. ಹಳೆಯ ಲೆಕ್ಕದಲ್ಲಿ ನಲವತ್ತೇಳು ಅಂದರೆ ನಾಲ್ಕು ಮನೆ ಆಚೆಗಿನ ಸಂಗಪ್ಪ ಉಪ್ಪಿನ ಅವರದು. ಹೊಸ ಲೆಕ್ಕದಲ್ಲಿ ನಲವತ್ತೇಳು ಪದಕಿಯವರದಾಯಿತು, ಸಂಗಪ್ಪನದು ಐವತ್ತೊಂದಾಯಿತು. ಆದರೆ ಸಂಗಪ್ಪನಿಗೆ ಪತ್ರ ಹಾಕುವವರೆಲ್ಲ ಹಳೆಯ ನಂಬರನ್ನೇ ಬಾಯಿಪಾಠ ಮಾಡಿಕೊಂಡವರು. ಹೀಗಾಗಿ ಸಂಗಪ್ಪನ ಬೀಜದ ಕಂಪನಿಯ ಕಾಗದ, ಬ್ಯಾಂಕಿನ ಪಾಕೀಟು, ಮಠದ ಮಾಸಿಕ ಎಲ್ಲವೂ ಪದಕಿಯವರ ಕಿಟಕಿಗೆ ಬಂದು ಬೀಳುತ್ತಿದ್ದವು. ಪದಕಿಯವರ ಹೆಂಡತಿ ನರ್ಮದಾಬಾಯಿ ಅವನ್ನು ಕೈಗೆ ಸಿಕ್ಕಲ್ಲಿ ಇಟ್ಟು, ಆ ಕಡೆ ಹೋಗುವವರು ಯಾರಾದರೂ ಕಂಡಾಗ ಕೊಟ್ಟು ಕಳಿಸುತ್ತಿದ್ದರು. ಒಮ್ಮೆ ಒಂದು ಕಾರ್ಡು ಹಿಂಡಿ ಭರಣಿಯ ಕೆಳಗೆ ಹೋಗಿ, ಎಣ್ಣೆ ಕುಡಿದು, ಮರೆತೇಹೋಯಿತು. ಅದು ಸಂಗಪ್ಪನ ಹೆಂಡತಿ ತಂಗೆವ್ವನ ತವರಿನಿಂದ, ಬಸುರಿಗೆ ಮಾಡುವ ಕುಬಸಕ್ಕೆ ಬಂದ ಕರೆ. ಅದು ಕೊನೆಗೊಮ್ಮೆ ಮುಟ್ಟಿದಾಗ ತಂಗೆವ್ವ ನಳದ ಹತ್ತಿರ ನಾಲ್ಕು ಮಂದಿಗೆ ಕೇಳುವ ಹಾಗೆ ಅಂದಳು:

“ಕುಬಸದ ಕಾರ್ಡ ಈಗ ಕೊಟ್ಟಾರ್ರಿ. ಕೂಸಿಗೆ ಹಲ್ಲು ಬಂದಾವ.”

ಈ ಮಾತು ಪದಕಿಯವರ ಕಿವಿಗೆ ಬಿತ್ತು. ಜಾವಕ ತಡವಾಯಿತು ಎಂಬ ಆರೋಪ, ಅದೂ ತಮ್ಮ ಮನೆಯ ಮೇಲೆ! ಅವರು ಊಟದ ತಟ್ಟೆಯ ಮುಂದೆ ಕೂತು ಘೋಷಿಸಿದರು:

“ಇವತ್ತಿನಿಂದ ಈ ಮನ್ಯಾಗ ಟಪಾಲು ಪದ್ಧತಿ ಪ್ರಕಾರ ನಡೀಬೇಕು.”

“ನಾಲ್ಕು ಮನಿ ದಾಟಿದ್ರ ಸಂಗಪ್ಪನ ಮನಿ. ಕೈಯಾಗ ಕೊಟ್ಟು ಬಂದ್ರ ಆತಲ್ರೀ” ಎಂದರು ನರ್ಮದಾಬಾಯಿ.

“ಕೈಯಾಗ ಕೊಡೋದು ಉಪಕಾರ ಆಗ್ತದ. ಪದ್ಧತಿ ಅಂದ್ರ ತಿರುಗಿ ಕಳಿಸೋದು. ತಪ್ಪು ನಂಬರ ಬರದವಗ ಬುದ್ಧಿ ಬರಬೇಕೋ ಬ್ಯಾಡೋ?”

ಪದ್ಧತಿಗೆ ಶಿಕ್ಕಾ ಬೇಕು. ಪದಕಿಯವರು ಮರುದಿನವೇ ಬಜಾರಿನ ರಬ್ಬರ್ ಸ್ಟಾಂಪಿನವನ ಅಂಗಡಿಗೆ ಹೋಗಿ ಒಕ್ಕಣೆ ಬರೆದುಕೊಟ್ಟರು: ವಿಳಾಸದಾರರು ಇಲ್ಲಿ ಇರುವುದಿಲ್ಲ, ಅದರ ಕೆಳಗೆ ದಿಗಂಬರ ಶ್ರೀಪಾದ ಪದಕಿ, ಮನೆ ನಂಬರು ನಲವತ್ತೇಳು. ಅಂಗಡಿಯವ ಬೆರಳಿನಿಂದ ಅಳೆದು ನೋಡಿದ.

“ಇಷ್ಟುದ್ದ ಹೆಸರು ಹಿಡಿಯೂದಿಲ್ರಿ. ಸಣ್ಣದು ಮಾಡ್ರಿ.”

“ಶ್ರೀಪಾದ ತಗಿ.”

“ಆದ್ರೂ ಹಿಡಿಯೂದಿಲ್ರಿ.”

“ಹಂಗಾರ ದಿಗಂಬರ ಬ್ಯಾಡ. ದಿ. ಅಂತ ಹಾಕು. ದಿ. ಪದಕಿ.”

ಅಂಗಡಿಯವ ಅವರ ಮುಖ ನೋಡಿದ. “ದಿ. ಅಂತನ ಹಾಕಲೇನ್ರಿ?”

“ನನ್ನ ಹೆಸರು ನನಗ ಗೊತ್ತಿಲ್ಲೇನು?”

ಅವನು ಮತ್ತೆ ಕೇಳಲಿಲ್ಲ. ದಿನಕ್ಕೆ ನಾಲ್ಕು ಶಿಕ್ಕಾ ಮಾಡುವ ಮನುಷ್ಯ, ಯಾರ ಯಾರ ಮನೆಯ ದುಃಖವನ್ನು ಅಂತ ವಿಚಾರಿಸುತ್ತ ಕೂತಾನು?

ಶುಕ್ರವಾರ ಒಳ್ಳೆಯ ದಿನವೆಂದು ಪದಕಿಯವರು ಶಿಕ್ಕಾದ ಆರಂಭಕ್ಕೆ ಅದನ್ನೇ ಗೊತ್ತುಮಾಡಿದರು. ರಜೆಯ ಮೇಲಿದ್ದ ಪೋಸ್ಟಮನ್ನನ ಬದಲಿಗೆ ಆ ತಿಂಗಳು ಮಾಳಪ್ಪ ಎಂಬ ಹೊಸಬ ಬರುತ್ತಿದ್ದ. ಅವನಿಗೆ ಓಣಿಯ ಜನ ಗೊತ್ತಿರಲಿಲ್ಲ, ನಂಬರು ಗೊತ್ತಿದ್ದವು. ಅಂದು ನಲವತ್ತೇಳರ ಹೆಸರಿನಲ್ಲಿ ಐದು ಕಾಗದ ತಂದ. ಹೈಸ್ಕೂಲಿಗೆ ಹೊತ್ತಾಗಿತ್ತು. ಪದಕಿಯವರು ಮೇಲಿನ ಕಾಗದದ ಮೇಲೆ ‘ಉಪ್ಪಿನ’ ಎಂದಿರುವುದನ್ನು ನೋಡಿದರು, ಉಳಿದವೂ ಅವೇ ಎಂದುಕೊಂಡರು, ಐದನ್ನೂ ಕಟ್ಟೆಯ ಮೇಲೆ ಸಾಲಾಗಿ ಹರಡಿದರು.

“ಒಂದು ಸ್ಪೀಡ್ ಪೋಸ್ಟ್ ಐತ್ರಿ, ಸಹಿ ಬೇಕು” ಎಂದ ಮಾಳಪ್ಪ. “ಗಂಗಾ ಅಂತ. ನಿಮ್ಮ ಮಗಳೇನ್ರಿ?”

“ನನ್ನ ಮಗಳು ಶ್ರದ್ಧಾ. ಈ ಮನ್ಯಾಗ ಗಂಗಾ ಅಂದ್ರ ದೇವರ ಮನಿ ತಂಬಿಗ್ಯಾಗ ಇರೋದು ಒಂದ.”

“ಮತ್ತ ಅವರು ಎಲ್ಲಿ ಇರ್ತಾರ್ರಿ?”

“ಅದನ್ನ ಕಳಿಸಿದವರು ವಿಚಾರಿಸಲಿ.”

ಧಡ್, ಧಡ್, ಧಡ್, ಧಡ್, ಧಡ್. ಐದು ಶಿಕ್ಕಾ, ಒಂದೂ ಓರೆಯಾಗಿರಲಿಲ್ಲ. ಮಾಳಪ್ಪ ಗೌರವದಿಂದ ಐದನ್ನೂ ಚೀಲಕ್ಕೆ ತುಂಬಿಕೊಂಡು ಹೋದ. ಪದಕಿಯವರು ಅಂದು ಸಾಲಿಗೆ ನಡೆದ ನಡಿಗೆಯಲ್ಲೇ ಒಂದು ಠೀವಿ ಇತ್ತು.

ಆ ಐದರಲ್ಲಿ ಒಂದು ಅವರದೇ ಕಾಗದವಾಗಿತ್ತು. ರಾಮದುರ್ಗದಲ್ಲಿರುವ ಮಾವಶಿಯ, ಅಂದರೆ ಚಿಕ್ಕಮ್ಮನ, ಮಗ ಅನಿಕೇತ ಹೊಸ ಮನೆ ಕಟ್ಟಿಸಿ, ವಾಸ್ತುಶಾಂತಿಯ ಕಾರ್ಡು ಹಾಕಿದ್ದ. ಒಂದು ವಾರಕ್ಕೆ ಅದು ತಿರುಗಿ ಅವನ ಕೈ ಸೇರಿತು. ಅದರ ಮೇಲೆ ನೇರಳೆ ಶಾಯಿಯಲ್ಲಿ, ಶುದ್ಧ ಅಕ್ಷರಗಳಲ್ಲಿ: ವಿಳಾಸದಾರರು ಇಲ್ಲಿ ಇರುವುದಿಲ್ಲ. ದಿ. ಪದಕಿ.

ದಿವಂಗತ ಪದಕಿ! ಅನಿಕೇತ ಹೊಸ ಮನೆಯ ಹೊಸ್ತಿಲ ಮೇಲೆ ಕುಸಿದು ಕೂತ.

ಆಮೇಲೆ ಅವನು ಫೋನು ಮಾಡಿದ. ದಿಗಂಬರಣ್ಣನಿಗಂತೂ ಮಾಡುವ ಹಾಗಿಲ್ಲ, ಹೋದವರಿಗೆ ಫೋನು ಹಚ್ಚುವವರು ಯಾರು? ವೈನಿ ನರ್ಮದಾಬಾಯಿಗೆ ಮಾಡಿದ. ಸಾವಿನ ಮನೆಯಲ್ಲಿ ಸಾವು ಎಂಬ ಶಬ್ದ ಬಾಯಿಂದ ತೆಗೆಯಬಾರದೆಂದು ಅವನ ತಾಯಿ ಚಿಕ್ಕಂದಿನಿಂದ ಕಲಿಸಿದ್ದಳು. ಅಂದು ಪದಕಿಯವರು ಸಾಲಿಯ ಫೈಲು ಮುಟ್ಟಿಸಲು ಬೆಳಗಾವಿಗೆ ಹೋಗಿದ್ದರು. ಹೀಗಾಗಿ ನಡೆದ ಮಾತುಕತೆಯನ್ನು ಮುಂದೆ ಇಬ್ಬರೂ ಪದಕಿಯವರ ಎದುರಿಗೆ ಅಕ್ಷರಶಃ ಒಪ್ಪಿಸಿದರು.

“ವೈನಿ, ಹೆಂಗಿದ್ದೀರಿ?”

“ಆರಾಮ ಇದ್ದೀನಪಾ. ಅವರು ಹೋದಾಗಿಂದ ಮನಿ ಶಾಂತ ಅದ ನೋಡು.”

ಅನಿಕೇತ ಫೋನನ್ನು ಕಿವಿಗೆ ಒತ್ತಿ ಹಿಡಿದ. “ಯಾವಾಗ ಹೋದ್ರು?”

“ಮುಂಜಾನೆ ಎಂಟಕ್ಕ. ಅವಲಕ್ಕಿ ತಿಂದ್ರು, ಹೋದ್ರು.”

“ಏನಾದ್ರೂ ಮಾತಾಡಿದ್ರೇನು, ಹೋಗೋ ಮುಂದ?”

“ಉಪ್ಪು ಜಾಸ್ತಿ ಆಗೇದ ಅಂದ್ರು. ಮತ್ತೇನಂತಾರ ಅವರು?”

“ತ್ರಾಸ ಆಗಲಿಲ್ಲಲ್ಲ?”

“ಯಾತರ ತ್ರಾಸ? ಮೂರು ತಿಂಗಳಿಂದ ಹೋಗ್ತೀನಿ, ಹೋಗ್ತೀನಿ ಅನ್ಲಿಕ್ಕೆ ಹತ್ತಿದ್ರು. ಒಮ್ಮೆ ಹೋಗಿಬಿಡ್ರಿ, ಕೇಳಿ ಕೇಳಿ ನನಗೂ ಸಾಕಾಗೇದ ಅಂದೆ.”

“ಈಗ... ನೀವು ಒಬ್ಬರ ಅದೀರೇನು?”

“ಶ್ರದ್ಧಾ ಅದಾಳ. ಬಟಾಟಿ ಭಜಿ ಕರೀಲಿಕ್ಕೆ ಹತ್ತೇವಿ. ಅವರಿದ್ರ ಎಣ್ಣಿ ಬಾಣಲಿ ಮುಟ್ಟಗೊಡೂದಿಲ್ಲ. ನೀನೂ ಇದ್ದಿದ್ರ ಬಿಸಿಬಿಸಿ ತಿಂತಿದ್ದಿ.”

ಅನಿಕೇತ ಫೋನಿಟ್ಟು ತಾಯಿಗೆ ಹೇಳಿದ: “ಆಯಿ, ದಿಗಂಬರಣ್ಣ ಹೋದದ್ದು ಖರೆ. ವೈನಿಗೆ ದುಃಖ ತಲಿಗೆ ಹತ್ತೇದ.”

ಅನಿಕೇತ ಕೆಲಸಕ್ಕೆ ಚುರುಕು, ಲೆಕ್ಕಕ್ಕಲ್ಲ: ಇವತ್ತು ಮುಂಜಾನೆ ಹೋದವರು ವಾರದ ಹಿಂದಿನ ಶಿಕ್ಕಾದಲ್ಲೇ ‘ದಿ.’ ಆದದ್ದು ಹೇಗೆಂದು ಅವನಿಗೆ ಹೊಳೆಯಲಿಲ್ಲ. ಯಾರ ಮನೆಯಲ್ಲಿ ಏನೇ ಆದರೂ ಮೊದಲು ಸಾಮಾನಿನ ವ್ಯವಸ್ಥೆಗೆ ನಿಲ್ಲುವ ಜಾತಿ. ಬೈಲಹೊಂಗಲದ ಗೆಳೆಯನಿಗೆ ಫೋನು ಮಾಡಿ ನಲವತ್ತೇಳನೇ ನಂಬರಿನ ಮನೆಗೆ ಬಿದಿರು, ಸುತಳಿ, ಹೂವು ಕಳಿಸಲು ಹೇಳಿದ. ಸಾಲಿಯ ಹೆಡ್ ಮಾಸ್ತರ ವಿರೂಪಾಕ್ಷ ಸರ್‌ಗೂ ಸುದ್ದಿ ಮುಟ್ಟಿಸಿದ. ಆಮೇಲೆ ಒಂದು ಟೆಂಪೋದಲ್ಲಿ ಮಾವಶಿಯನ್ನೂ ಹನ್ನೊಂದು ಮಂದಿ ನೆಂಟರನ್ನೂ ತುಂಬಿಕೊಂಡು ಹೊರಟ.

ನೆಂಟರು ಮನೆ ಹೊಕ್ಕಾಗ ಮಾವಶಿ ನರ್ಮದಾಬಾಯಿಯ ಕೊರಳಿಗೆ ಬಿದ್ದು “ಹಿಂಗ್ಯಾಕ ಆತ ನಮ್ಮವ್ವಾ!” ಎಂದು ಅಳಲು ಸುರುಮಾಡಿದಳು. ನರ್ಮದಾಬಾಯಿ ತಮ್ಮಷ್ಟಕ್ಕೆ ತಿಳಿದುಕೊಂಡರು. ರಾಮದುರ್ಗದಲ್ಲಿ ಯಾರೋ ಹೋಗಿದ್ದಾರೆ! ಯಾರೆಂದು ಕೇಳುವುದು ಹೇಗೆ? ಗೊತ್ತಿಲ್ಲವೇ ಎಂದು ಮಾವಶಿ ನೊಂದುಕೊಂಡರೆ? ಅವರೂ ಜೋರಾಗಿ ಅತ್ತರು. ಹೀಗೆ ಯಾರೂ ಯಾರ ಹೆಸರನ್ನೂ ಎತ್ತದೆ ಆ ಮನೆ ಒಂದು ತಾಸು ಮನಸಾರೆ ಅತ್ತಿತು.

ನಾಲ್ಕೂವರೆಯ ಹೊತ್ತಿಗೆ ಪದಕಿಯವರು ಬೆಳಗಾವಿಯ ಬಸ್ಸಿಳಿದು ಓಣಿಗೆ ಬಂದರು. ಮನೆಯ ಮುಂದೆ ಚಪ್ಪಲಿಯ ರಾಶಿ, ಒಳಗೆ ಅಳು. ಟಂಟಂ ಗಾಡಿಯವನೊಬ್ಬ ಬಿದಿರಿನ ಗಳ ಇಳಿಸುತ್ತಿದ್ದ.

“ನಲವತ್ತೇಳು ಇದ ಏನ್ರಿ?” ಎಂದು ಅವನು ಇವರನ್ನೇ ಕೇಳಿದ.

“ಹೌದು. ಯಾಕ?”

“ಈ ಮನಿ ಯಜಮಾನ್ರು ಹೋಗ್ಯಾರಂತಲ್ರಿ.”

ಪದಕಿಯವರ ಮಿದುಳು ಒಂದು ಕ್ಷಣ ನಿಂತುಬಿಟ್ಟಿತು. ಈ ಮನೆಯ ಯಜಮಾನ ತಾವು. ತಾವು ಹೋಗಿಲ್ಲ, ಬೆಳಗಾವಿಗೆ ಹೋಗಿ ಬಂದದ್ದು ನಿಜ, ಆದರೆ ಅದಕ್ಕೆ ಬಿದಿರು ತರಿಸುವ ರೂಢಿಯಿಲ್ಲ. ಹಾಗಾದರೆ ಹೋದವರು ಯಾರು? ಇಪ್ಪತ್ತೆಂಟು ವರ್ಷದ ಅನುಭವ ತಟ್ಟನೆ ಕೈಹಿಡಿಯಿತು. ನಲವತ್ತೇಳು! ಇವರೆಲ್ಲ ಹಳೆಯ ನಂಬರು ಹಿಡಿದು ಬಂದ ಮಂದಿ. ಸಂಗಪ್ಪನ ಟಪಾಲಿನ ಹಾಗೆ ಸಂಗಪ್ಪನ ನೆಂಟರೂ ತಪ್ಪಿ ಇಲ್ಲಿಗೆ ಬಂದಿದ್ದಾರೆ!

“ಅಯ್ಯೋ ಸಂಗಪ್ಪಾ!” ಎಂದರು ಪದಕಿಯವರು. ಅವರ ಕಣ್ಣಲ್ಲಿ ನೀರು ಬಂತು. ಆದರೆ ದುಃಖದಲ್ಲೂ ಪದ್ಧತಿ ಬಿಡಲಿಲ್ಲ. “ಇದು ಹೊಸ ನಲವತ್ತೇಳಪಾ. ನಿನಗ ಬೇಕಾದದ್ದು ಹಳೇ ನಲವತ್ತೇಳು. ನಾಲ್ಕು ಮನಿ ಮುಂದ, ಹಸರ ಬಾಗಿಲ. ಎಲ್ಲಾ ಅಲ್ಲಿಗೆ ಒಯ್ಯಿ.”

ಗಾಡಿಯವ ಬಿದಿರು ಮತ್ತೆ ಹೇರಿಕೊಂಡ. ಹೂವಿನವನನ್ನೂ, ಆಚೆ ಓಣಿಯಿಂದ ಮಾತನಾಡಿಸಲು ಬಂದಿದ್ದ ಇಬ್ಬರು ಮುದುಕಿಯರನ್ನೂ ಪದಕಿಯವರು ಕೈತೋರಿಸಿ ಅತ್ತಲೇ ಕಳಿಸಿದರು. ಅಷ್ಟರಲ್ಲಿ ಸ್ಕೂಟರಿನಲ್ಲಿ ವಿರೂಪಾಕ್ಷ ಸರ್ ಬಂದರು, ಕೈಯಲ್ಲಿ ದೊಡ್ಡ ಮಾಲೆ. ಅವರು ಪದಕಿಯವರನ್ನು ಕಂಡವರೇ ಎದೆಯೊಳಗೆ ಬೆಳಗಿನಿಂದ ಕುದಿಯುತ್ತಿದ್ದ ಪ್ರಶ್ನೆಯನ್ನು ಕೇಳಿಬಿಟ್ಟರು:

“ಪದಕಿಯವರ, ಫೈಲು?”

“ಮುಟ್ಟಿಸೇನ್ರಿ ಸರ್. ರಸೀದಿ ತಂದೀನಿ.”

“ಶಾಬಾಸ್!” ಎಂದರು ಸರ್. ಆಮೇಲೆ ಮಾಲೆಯನ್ನು ನೋಡಿದರು, ಪದಕಿಯವರನ್ನು ನೋಡಿದರು. ಏನೋ ತಾಳೆಯಾಗಲಿಲ್ಲ. “ಹಂಗಾರ ಈ ಮಾಲಿ?”

“ಸಂಗಪ್ಪಗ ರೀ ಸರ್. ಬರ್ರಿ, ನಾನೂ ಬರ್ತೀನಿ. ಭಾಳ ಚಲೋ ಮನಶಾ.”

ಇಬ್ಬರೂ ತಲೆ ತಗ್ಗಿಸಿಕೊಂಡು ಹಸಿರು ಬಾಗಿಲಿನತ್ತ ನಡೆದರು.

ಅಲ್ಲಿ ಸಂಗಪ್ಪ ತನ್ನ ಬಾಗಿಲಿಗೆ ಆನಿಸಿದ್ದ ಬಿದಿರನ್ನು ಹಿಡಿದುಕೊಂಡು ನಿಂತಿದ್ದ. ಮುದುಕಿಯರು ಅವನನ್ನೇ ಸಮಾಧಾನ ಮಾಡುತ್ತಿದ್ದರು.

“ಪದಕಿಯವರ, ಈ ಬಿದಿರು ನೀವ ಕಳಿಸೀರಿ?”

ಪದಕಿಯವರ ಬಾಯಿ ತೆರೆದೇ ಉಳಿಯಿತು. “ಸಂಗಪ್ಪಾ... ನೀ ಅದೀ?”

“ಇನ್ನೂ ಜೀವಂತ ಅದೇನ್ರಿ! ಮಗಳ ನೌಕರಿ ಕಳದ್ರಿ, ಅದು ಸಾಲಲಿಲ್ಲಂತ ಈಗ ನನ್ನೂ ಕಳಸಾಕ ಬಂದೀರಿ?”

ಒಳಗಿನಿಂದ ತಂಗೆವ್ವ ಸೆರಗು ಬಿಗಿದುಕೊಂಡು ಬಂದಳು. “ಯಾವ ಬಾಯಿಲೆ ಬರದ್ರಿ, ಇಲ್ಲಿ ಇರುವುದಿಲ್ಲ ಅಂತ? ನನ್ನ ಮಗಳು ಎಲ್ಲಿಗೆ ಹೋಗ್ಯಾಳ? ಕಟ್ಟಿ ಮ್ಯಾಲ ಕುಂತಾಳ, ನೋಡ್ರಿ ಕಣ್ಣು ತೆರದು!”

ಪದಕಿಯವರಿಗೆ ಒಂದೂ ತಿಳಿಯಲಿಲ್ಲ. ಸತ್ತ ಸಂಗಪ್ಪ ಬದುಕಿದ್ದಾನೆ, ಬದುಕಿದ್ದ ಸಂಗಪ್ಪ ನೌಕರಿಯ ಮಾತು ಆಡುತ್ತಿದ್ದಾನೆ, ಹೆಡ್ ಮಾಸ್ತರರು ಮಾಲೆ ಹಿಡಿದು ಯಾರ ಕೊರಳು ಎಂದು ಹುಡುಕುತ್ತಿದ್ದಾರೆ. ಅಷ್ಟರಲ್ಲಿ ಗದ್ದಲ ಕೇಳಿ ಅವರ ಮನೆಯಿಂದ ಮಂದಿಯೆಲ್ಲ ಹೊರಬಂದರು. ಎಲ್ಲರಿಗಿಂತ ಮುಂದಿದ್ದ ಮಾವಶಿ ದಿಗಂಬರನನ್ನು ಕಂಡು ಚಿಟ್ಟನೆ ಚೀರಿದಳು. ಆಮೇಲೆ ಹತ್ತಿರ ಬಂದು ಅವನ ರಟ್ಟೆಯನ್ನು ಎರಡು ಸಲ ಗಟ್ಟಿಯಾಗಿ ಚಿವುಟಿದಳು.

“ಅಯ್ಯಯ್ಯ ಮಾವಶಿ! ನೀ ಯಾವಾಗ ಬಂದಿ?”

“ನಿನ್ನ ಮಣ್ಣಿಗೆ ಬಂದೀನೋ!”

ಅನಿಕೇತ ಕಿಸೆಯೊಳಗಿನ ಕಾರ್ಡು ತೆಗೆದ. ಪದಕಿಯವರ ಮಗಳು ಶ್ರದ್ಧಾ ಅದನ್ನು ತೆಗೆದುಕೊಂಡು ಎಲ್ಲರಿಗೂ ಕೇಳುವಂತೆ ಓದಿದಳು. ಓದಿ ಮುಗಿಸಿ ಅಪ್ಪನ ಮುಖ ನೋಡಿದಳು.

“ಅಪ್ಪಾ, ದಿ. ಅಂದ್ರ ದಿವಂಗತ.”

“ದಿ. ಅಂದ್ರ ದಿಗಂಬರ!” ಎಂದರು ಪದಕಿಯವರು. ಆದರೆ ಮಾತು ಬಾ‌ಯಿಂದ ಹೊರಬೀಳುವಷ್ಟರಲ್ಲೇ ಅವರ ಧ್ವನಿ ಸಣ್ಣದಾಯಿತು.

ಮೊದಲು ಮಾತಾಡಿದವರು ನರ್ಮದಾಬಾಯಿ. “ಹಂಗಾರ ರಾಮದುರ್ಗದಾಗ ಯಾರೂ ಹೋಗಿಲ್ಲೇನು? ನಾ ಒಂದು ತಾಸು ಯಾರ ಸಲುವಾಗಿ ಅತ್ತೆ?”

“ಬದುಕಿದ್ರ ಬದುಕೀನಿ ಅಂತ ಒಂದು ಫೋನ್ ಮಾಡಬೇಕೋ ಇಲ್ಲೋ?” ಎಂದು ಮಾವಶಿ ಮೂಗು ಒರೆಸಿಕೊಂಡಳು.

“ಬಿದಿರು ತಿರುಗಿ ಒಯ್ಯಲೇನ್ರಿ, ಇರಲೇನ್ರಿ?” ಎಂದ ಗಾಡಿಯವ. ವಿರೂಪಾಕ್ಷ ಸರ್ ತಂದ ಮಾಲೆಯನ್ನು ತಿರುಗಿ ಒಯ್ಯುವುದು ಅಪಶಕುನವೆಂದು ಅದನ್ನು ಪದಕಿಯವರ ಕೊರಳಿಗೇ ಹಾಕಿ ಕೈಮುಗಿದು ಹೋದರು.

ಎಲ್ಲರೂ ನಕ್ಕರು. ಗಂಗಾ ನಗಲಿಲ್ಲ. ಸಂಗಪ್ಪನ ಈ ಹಿರಿಮಗಳು ಬಿ.ಎಸ್ಸಿ., ಬಿ.ಎಡ್. ಮುಗಿಸಿ ಮೂರು ವರ್ಷ ಕಾದಿದ್ದವಳು. ಸವದತ್ತಿಯ ಒಂದು ಶಿಕ್ಷಣ ಸಂಸ್ಥೆಯಲ್ಲಿ ವಿಜ್ಞಾನ ಕಲಿಸುವ ಕೆಲಸಕ್ಕೆ ಅವಳ ಹೆಸರು ಮೊದಲ ನಂಬರಿಗಿತ್ತು. ಆರ್ಡರು ಯಾಕೆ ಬರಲಿಲ್ಲವೆಂದು ಮಧ್ಯಾಹ್ನ ಫೋನು ಮಾಡಿದಾಗಲೇ ಅವಳಿಗೆ ಗೊತ್ತಾದದ್ದು, ಅದು ಬಂದು ತಿರುಗಿ ಹೋಗಿದೆ ಎಂದು. ಸೋಮವಾರ ಎರಡನೇ ನಂಬರಿನವರಿಗೆ ಆರ್ಡರು ಹೋಗಲಿತ್ತು.

“ತಪ್ಪು ನಂಬರ ಬರದವರಿಗೆ ಬುದ್ಧಿ ಬರಲಿ ಅಂತ ನಾನು...” ಎಂದು ಪದಕಿಯವರು ಕೊರಳ ಮಾಲೆಯನ್ನು ಹಿಡಿದುಕೊಂಡು ತೊದಲಿದರು.

“ಕಾಕಾ” ಎಂದಳು ಗಂಗಾ ಮೆತ್ತಗೆ. “ನಿಮ್ಮ ಅಕ್ಷರ ಚಂದ ಅಂತ ಅಪ್ಪ ನನ್ನ ಅರ್ಜಿ ನಿಮ್ಮ ಕಡಿಂದನ ತುಂಬಿಸಿದ್ರು. ರೇಶನ್ ಕಾರ್ಡ ನೋಡಿ ಆ ನಂಬರ ಬರದವರು ನೀವ.”

ಪದಕಿಯವರು ಅಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟರು. ಆ ಸಂಜೆ ನರ್ಮದಾಬಾಯಿ ಶಿಕ್ಕಾವನ್ನು ಎತ್ತಿಕೊಂಡು ಹಿತ್ತಲಿಗೆ ಹೋದರು. ಬರುವಾಗ ಕೈ ಖಾಲಿಯಿತ್ತು.

ಶನಿವಾರ ಮೊದಲ ಬಸ್ಸಿಗೆ ಪದಕಿಯವರು, ಸಂಗಪ್ಪ, ಗಂಗಾ ಮೂವರೂ ಸವದತ್ತಿಗೆ ಹೋದರು. ಸಂಸ್ಥೆಯ ಕಚೇರಿಯಲ್ಲಿ ಆವಕ-ಜಾವಕ ನೋಡುವವರು ಅನ್ನಪೂರ್ಣಾ ಎಂಬ ಹೆಂಗಸು. ಮೇಜಿನ ಮೇಲೆ ಐದು ಶಿಕ್ಕಾ ಎತ್ತರದ ಪ್ರಕಾರ ನಿಂತಿದ್ದವು. ಅದನ್ನು ಕಂಡು ಪದಕಿಯವರಿಗೆ ನಮ್ಮವರೇ ಸಿಕ್ಕರೆಂದು ಧೈರ್ಯ ಬಂತು. ಆ ಧೈರ್ಯ ಬಹಳ ಹೊತ್ತು ಉಳಿಯಲಿಲ್ಲ.

“ವಿಳಾಸದಾರರು ಇರುವುದಿಲ್ಲ ಅಂತ ಐತ್ರಿ” ಎಂದರು ಅನ್ನಪೂರ್ಣಾ, ತಿರುಗಿ ಬಂದ ಕವರನ್ನು ಎತ್ತಿ ತೋರಿಸಿ.

“ಈಕಿನ ರೀ ಗಂಗಾ. ನಿಮ್ಮ ಎದುರಿಗೆ ಕುಂತಾಳಲ್ರಿ” ಎಂದ ಸಂಗಪ್ಪ.

“ಇರಬಹುದ್ರಿ. ಕಾಗದದ ಪ್ರಕಾರ ಇಲ್ಲ.” ಅವರು ಕನ್ನಡಕ ಏರಿಸಿ ಶಿಕ್ಕಾವನ್ನು ಮತ್ತೊಮ್ಮೆ ಓದಿದರು. “ಬರದವರು ದಿವಂಗತ ಪದಕಿ ಅಂತ. ಅವರ ಬಂದು ತಪ್ಪಾಗೈತಿ ಅಂತ ಹೇಳಿದ್ರ ಮಾತು ಬ್ಯಾರೆ.”

ಪದಕಿಯವರು ಎದ್ದು ನಿಂತರು. “ನಾನ ರೀ ಅವರು.”

“ಯಾರು?”

“ದಿವಂಗತ ಪದಕಿ.”

ಅನ್ನಪೂರ್ಣಾ ಕನ್ನಡಕ ತೆಗೆದರು. ಸಂಗಪ್ಪ ನಡುವೆ ಬಾಯಿಹಾಕಿದ: “ನಿನ್ನಿ ಸಂಜೀಲಿಂದ ಬದುಕ್ಯಾರ್ರಿ ಬಾಯಾರ.”

ಬರೆದು ಕೊಡಿ ಎಂದರು ಅವರು. ಪದಕಿಯವರು ಮೂರು ಪುಟ ಬರೆದರು. ಅದರಲ್ಲಿ ಓಣಿಯ ನಂಬರುಗಳ ಇತಿಹಾಸವಿತ್ತು, ಹಿಂಡಿ ಭರಣಿಯಿತ್ತು, ಸ್ಟಾಂಪಿನ ಅಂಗಡಿಯಲ್ಲಿ ಜಾಗ ಸಾಲದೆ ಹೋದದ್ದಿತ್ತು. ಅನ್ನಪೂರ್ಣಾ ಮೂರೂ ಪುಟ ಓದಿ ತಿರುಗಿ ಕೊಟ್ಟರು. “ಎಲ್ಲಾ ಐತ್ರಿ ಇದರಾಗ. ತಪ್ಪು ಯಾರದು ಅನ್ನೂದು ಒಂದ ಇಲ್ಲ.”

ಪದಕಿಯವರು ಕಿವಿ ಕೆಂಪಾಗಿಸಿಕೊಂಡು ಕೂತರು. ಹೊಸ ಹಾಳೆ ತೆಗೆದುಕೊಂಡು ಎರಡೇ ಸಾಲು ಬರೆದರು: ‘ಈ ಹುಡುಗಿ ಇದ್ದಾಳೆ. ಇಲ್ಲವೆಂದು ಬರೆದದ್ದು ನನ್ನ ತಪ್ಪು.’ ಕೆಳಗೆ ಪೂರಾ ಹೆಸರಿನ ಸಹಿ. ಇಪ್ಪತ್ತೆಂಟು ವರ್ಷದಲ್ಲಿ ಅಷ್ಟು ಚಿಕ್ಕ ಕಾಗದ ಅವರು ಬರೆದಿರಲಿಲ್ಲ. ಅದಕ್ಕೆ ನಂಬರು ಬಿತ್ತು, ಶಿಕ್ಕಾ ಬಿತ್ತು. ಸಂಗಪ್ಪ ಕೈ ಚಾಚಿದ.

“ಕೊಡ್ರಿ ಹಂಗಾರ ಆರ್ಡರ.”

“ಕೈಯಾಗ ಕೊಡಾಕ ಬರೂದಿಲ್ರಿ. ಟಪಾಲಿನ್ಯಾಗ ಬರತೈತಿ. ಬುಧವಾರ ಸಂಜಿ ಐದರೊಳಗ ಹಾಜರಾಗಬೇಕು.”

“ಬುಧವಾರದೊಳಗ ಟಪಾಲು ಬರದಿದ್ರ?”

“ಎರಡನೇ ನಂಬರು.”

“ಕನಿಷ್ಠ ಪಕ್ಷ ಹೊಸ ನಂಬರಿಗಾದ್ರೂ ಹಾಕ್ರಿ, ಐವತ್ತೊಂದು” ಎಂದು ಪದಕಿಯವರು ಅಂಗಲಾಚಿದರು.

“ಅರ್ಜ್ಯಾಗ ಇದ್ದ ವಿಳಾಸಕ್ಕ ಹೋಗತೈತ್ರಿ. ಅದು ನಮ್ಮ ಪದ್ಧತಿ.”

ತಿರುಗಿ ಬರುವಾಗ ಬಸ್ಸಿನಲ್ಲಿ ಸಂಗಪ್ಪ ಕಿಟಕಿಯ ಕಡೆ ಮುಖ ಮಾಡಿ ಕೂತ. ಗಂಗಾ ಮಾತ್ರ ತನ್ನ ಚೀಲದಿಂದ ಎರಡು ಬಾಳೆಹಣ್ಣು ತೆಗೆದು ಕಾಕಾನಿಗೂ ಒಂದು ಕೊಟ್ಟಳು. ಅವರು ಅದನ್ನು ಬೈಲಹೊಂಗಲ ಬರುವವರೆಗೂ ಸುಲಿಯದೆ ಕೈಯಲ್ಲೇ ಹಿಡಿದುಕೊಂಡಿದ್ದರು.

ಸೋಮವಾರ ಪದಕಿಯವರು ಸಾಲಿಗೆ ಹೋಗುವವರೆಗೂ ಕಟ್ಟೆ ಬಿಟ್ಟು ಏಳಲಿಲ್ಲ. ಮಂಗಳವಾರವೂ ಇಲ್ಲ. ಟಪಾಲು ಬರಲಿಲ್ಲ. ಬುಧವಾರ ಬೆಳಿಗ್ಗೆ ನರ್ಮದಾಬಾಯಿ ಗಿರಣಿಗೆ ಹೋಗಿದ್ದರು, ಶ್ರದ್ಧಾ ಕಾಲೇಜಿಗೆ. ಎರಡು ದಿನ ಕಟ್ಟೆಯ ಕಾವಲಿನಲ್ಲಿ ಸರಿಯಾಗಿ ಸ್ನಾನವಾಗಿಲ್ಲವೆಂದು ಪದಕಿಯವರು ಬಚ್ಚಲಿಗೆ ಹೋದರು, ತಲೆಗೂ ಮೈಗೂ ಸಾಬೂನು ಹಚ್ಚಿಕೊಂಡರು. ಆಗ ಹೊರಗೆ ಸೈಕಲ್ಲಿನ ಗಂಟೆ ಬಾರಿಸಿತು.

“ಪೋಸ್ಟ್! ನಲವತ್ತೇಳು!”

“ಬಂದೇ!” ಎಂದು ಕೂಗಿದರು ಪದಕಿಯವರು ಕಣ್ಣು ಮುಚ್ಚಿಕೊಂಡು.

ಮಾಳಪ್ಪ ಒಳ್ಳೆಯ ಹುಡುಗ. ಒಮ್ಮೆ ಹೇಳಿದ್ದನ್ನು ಮರೆಯುವವನಲ್ಲ. ಕಿಟಕಿಯ ಹತ್ತಿರ ಬಂದು ವಿನಯದಿಂದ ಹೇಳಿದ: “ಬರಬ್ಯಾಡ್ರಿ ಸಾಹೇಬ್ರ, ಜಳಕಾ ಮಾಡ್ರಿ. ಮತ್ತ ಆ ಗಂಗಾ ಅನ್ನೂದ ಬಂದೈತಿ. ಇಲ್ಲಿ ಇರೂದಿಲ್ಲಲ್ರಿ, ನಾನ ಬರದು ತಿರುಗಿ ಕಳಸ್ತೇನಿ.”

ಸೈಕಲ್ಲು ಹೊರಟ ಸದ್ದಾಯಿತು.

ಮುಂದೆ ನಡೆದದ್ದನ್ನು ಓಣಿಯ ಮಂದಿ ಬಹಳ ದಿನ ಹೇಳಿಕೊಂಡರು. ನಲವತ್ತೇಳನೇ ನಂಬರಿನ ಬಾಗಿಲು ಧಡಾರನೆ ತೆರೆಯಿತು. ಸೊಂಟಕ್ಕೆ ಒಂದು ಟವೆಲ್ಲು, ತಲೆಯ ತುಂಬ ಬಿಳಿ ನೊರೆ, ಜನಿವಾರ ಬೆನ್ನ ಮೇಲೆ ಹಾರುತ್ತಿತ್ತು. ಪದಕಿಯವರು ಬರಿಗಾಲಲ್ಲಿ ಸೈಕಲ್ಲಿನ ಹಿಂದೆ ಓಡಿದರು.

“ಮಾಳಪ್ಪಾ! ಅದಾಳೋ! ಗಂಗಾ ಅದಾಳ!”

ಮಾಳಪ್ಪ ಹಿಂದೆ ನೋಡಿದ. ಕಂಡದ್ದು ಪದಕಿ ಸಾಹೇಬರೆಂದು ಅವನಿಗೆ ಹೊಳೆಯಲಿಲ್ಲ. ಅವನು ಪೆಡಲ್ಲನ್ನು ಇನ್ನೂ ಜೋರಾಗಿ ತುಳಿದ. ನೀರಿನ ಕೊಡ ಹೊತ್ತವರು ಗೋಡೆಗೆ ಅಂಟಿದರು. ಎರಡು ನಾಯಿಗಳು ಜೊತೆಗೂಡಿದವು. ಗಿರಣಿಯ ಮುಂದೆ ಹಿಟ್ಟಿನ ಡಬ್ಬಿ ಹಿಡಿದು ನಿಂತಿದ್ದ ನರ್ಮದಾಬಾಯಿ ಬರುತ್ತಿದ್ದವರನ್ನು ನೋಡಿ, ಯಾರೋ ಪಾಪ ಎಂದುಕೊಂಡು, ಆಮೇಲೆ ಟವೆಲ್ಲಿನ ಗುರುತು ಹಿಡಿದರು.

“ಅಯ್ಯ, ಇವರೇನ್ರೀ!” ಎಂದು ಕೂಗಿ, ಡಬ್ಬಿಯನ್ನು ಸೈಕಲ್ಲಿಗೆ ಅಡ್ಡ ಹಿಡಿದರು. ಮಾಳಪ್ಪ ಬ್ರೇಕು ಹಾಕಿದ. ಅರ್ಧ ಹಿಟ್ಟು ಅವನ ಮೇಲೆ ಬಿತ್ತು.

“ಶಿಕ್ಕಾ ಹೊಡೀರಿ ಸಾಹೇಬ್ರ, ನನ್ನ ಯಾಕ ಅಟ್ಟಿಸ್ಕೊಂಡ ಬಂದ್ರಿ?” ಎಂದ ಅವನು ಅಳುವ ಧ್ವನಿಯಲ್ಲಿ.

ಪದಕಿಯವರಿಗೆ ಉಸಿರು ಇರಲಿಲ್ಲ. ಅವನ ಸೈಕಲ್ಲಿನ ಹ್ಯಾಂಡಲ್ಲನ್ನೇ ಹಿಡಿದು, ತಿರುಗಿಸಿ, ಓಣಿಯುದ್ದಕ್ಕೂ ನಡೆಸಿಕೊಂಡು ಹಸಿರು ಬಾಗಿಲಿನ ಮುಂದೆ ತಂದು ನಿಲ್ಲಿಸಿದರು. ಒಂದು ಕೈ ಟವೆಲ್ಲಿನ ಮೇಲಿತ್ತು, ಇನ್ನೊಂದರಿಂದ ತೋರಿಸಿದರು.

“ಈಕಿ. ಇಲ್ಲೇ ಇರ್ತಾಳ. ಕೊಡು.”

ಗಂಗಾ ಸಹಿ ಮಾಡಿ ಕವರು ಒಡೆದಳು. ಓದಿದಳು. ಆ ಸಂಸ್ಥೆಯದೇ ಉಗರಗೋಳದ ಸಾಲಿಗೆ, ವಿಜ್ಞಾನದ ಶಿಕ್ಷಕಿಯೆಂದು. ಸಂಗಪ್ಪ ತಕ್ಷಣ ಬಸ್ಸಿನ ಹೊತ್ತು ಕೇಳಲು ಓಡಿದ. ಒಂಬತ್ತೂವರೆಯ ಬಸ್ಸಿಗೆ ಇನ್ನೂ ಅರ್ಧ ತಾಸಿತ್ತು.

ತಂಗೆವ್ವ ಆ ವಾರವೆಲ್ಲ ನಳದ ಹತ್ತಿರ ಪದಕಿಯವರನ್ನು ಬೈದದ್ದಕ್ಕೆ ಲೆಕ್ಕವಿರಲಿಲ್ಲ. ಈಗ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಕಾಲಿಗೆ ಮಣ್ಣು, ತಲೆಗೆ ನೊರೆ.

“ಒಳಗ ಬರ್ರಿ ಅಣ್ಣಾರ. ಚಾ ಕುಡೀರಿ.”

“ಅಂಗಿ ಹಾಕ್ಕೊಂಡ ಬರ್ತೀನಿ ತಂಗೆವ್ವಾ.”

“ಏನ್ ಬ್ಯಾಡ, ಹಂಗ ಕುಂದರ್ರಿ. ಮಗಳ ಬಾಯಾಗ ಸಕ್ರಿ ಹಾಕೂ ಮುಂದ ನೀವೂ ಇರಬೇಕು.”

ಪದಕಿಯವರು ಒದ್ದೆ ಟವೆಲ್ಲಿನಲ್ಲೇ ಕುಂತು ಎರಡು ಕಪ್ಪು ಚಾ ಕುಡಿದರು. ಗಂಗಾ ಕಾಲಿಗೆ ನಮಸ್ಕಾರ ಮಾಡಿದಾಗ ಏನು ಹರಸಬೇಕೆಂದು ತಿಳಿಯದೆ ಅವಳ ತಲೆಯ ಮೇಲೆ ಕೈಯಿಟ್ಟು ಸುಮ್ಮನೆ ಕೂತರು. ಅವರ ಕಣ್ಣಿಗೆ ಸಾಬೂನು ಹೋಗಿತ್ತು. ಹಾಗೆಂದು ಅವರೇ ಹೇಳಿದರು.

ಸಾಲಿಗೆ ಹೋದಾಗ ಹತ್ತೂಮುಕ್ಕಾಲು. ತಡವಾಗಿ ಬಂದವರ ಪುಸ್ತಕದಲ್ಲಿ ಅಂದಿನವರೆಗೆ ಪದಕಿಯವರ ಹೆಸರು ಇರಲಿಲ್ಲ. ಅವರು ಪುಸ್ತಕ ತೆರೆದು ಹೆಸರು ಬರೆದರು, ವೇಳೆ ಬರೆದರು, ಕಾರಣದ ಅಂಕಣದಲ್ಲಿ ಸ್ವಲ್ಪ ಹೊತ್ತು ಪೆನ್ನು ಹಿಡಿದು ನಿಂತು, ‘ಟಪಾಲು ಮುಟ್ಟಿಸುವುದಿತ್ತು’ ಎಂದು ಬರೆದರು.

ವಿರೂಪಾಕ್ಷ ಸರ್ ಅದನ್ನು ಎರಡು ಸಲ ಓದಿದರು. “ಇದೊಂದು ಕಾರಣ ಏನ್ರಿ ಪದಕಿಯವರ?”

“ಹೌದ್ರಿ ಸರ್.”

ಸರ್ ತಲೆಯೆತ್ತಿ ನೋಡಿದರು. ಪದಕಿಯವರ ಎಡಗಿವಿಯ ಹಿಂದೆ ಸಾಬೂನಿನ ನೊರೆ ಒಣಗಿ ಬೆಳ್ಳಗೆ ಕೂತಿತ್ತು. ಅವರು ಇನ್ನೇನೂ ಕೇಳದೆ ಸಹಿ ಹಾಕಿದರು.